ರೆಕಾರ್ಡ್ ಬುಕ್ಕನ್ನು ಕಂಪ್ಯೂಟರಿಗೆ ಏರಿಸುವ ಮುನ್ನ
ನರ್ಸಿಂಗ್ ಕಾಲೇಜುಗಳ ಬೋಧಕರಿಗೊಂದು ಬಹಿರಂಗ ಪತ್ರ



ನಾನು ಕಾಲೇಜಿನಲ್ಲಿ ಪಾಠ ಮಾಡುವವಳಲ್ಲ, ಜಿಲ್ಲಾ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ನೀವು ಪೋಸ್ಟಿಂಗಿಗೆ ಕಳಿಸುವ ಮಕ್ಕಳು ಬೆಳಿಗ್ಗೆ ಬಂದು ಮೊದಲು ನಿಲ್ಲುವುದು ನನ್ನ ಮೇಜಿನ ಮುಂದೆ. ಪರೀಕ್ಷೆ ಹತ್ತಿರ ಬಂದಾಗ ರೆಕಾರ್ಡ್ ಬುಕ್ ಹಿಡಿದು ಸಹಿಗೆ ಕಾಯುವುದೂ ಅಲ್ಲೇ. ಈ ಬುಕ್ಕುಗಳ ಕಾಟ ಸಾಕು, ಎಲ್ಲವನ್ನೂ ಆನ್‌ಲೈನ್ ಮಾಡೋಣ, ವಿದ್ಯಾರ್ಥಿಗೊಂದರಂತೆ ಇ-ಪೋರ್ಟ್‌ಫೋಲಿಯೊ ತೆರೆಸೋಣ ಎಂದು ನಿಮ್ಮಲ್ಲಿ ಕೆಲವರು ಮಾತಾಡಿಕೊಳ್ಳುತ್ತಿರುವುದು ನಮ್ಮ ಕಿವಿಗೂ ಬಿದ್ದಿದೆ. ತನ್ನಿ, ನನ್ನ ಅಡ್ಡಿಯಿಲ್ಲ. ತರುವ ಮುಂಚೆ ವಾರ್ಡಿನ ಕಡೆಯವರ ಮಾತನ್ನೂ ಒಂದಿಷ್ಟು ಕೇಳಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ಸೆಮಿಸ್ಟರ್ ಮುಗಿಯುವ ವಾರ ನನ್ನ ಮೇಜಿನ ಮೇಲೆ ಬೀಳುವ ರಾಶಿಯಿಂದ ಯಾವುದಾದರೂ ಒಂದು ಪುಸ್ತಕ ತೆಗೆದು ನೋಡಿ. ಕಂದು ಕಾಗದದ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಕವರು, ಒಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ, ಮುದ್ದಾದ ಅಕ್ಷರ. ಭಾರತೀಯ ನರ್ಸಿಂಗ್ ಪರಿಷತ್ತಿನ ಹಳೆಯ ಪಠ್ಯಕ್ರಮದಲ್ಲಿ 30 ಗರ್ಭಿಣಿಯರ ತಪಾಸಣೆ, ಸ್ವತಃ ಮಾಡಿಸಿದ 20 ಸಹಜ ಹೆರಿಗೆ ಎಂಬ ಲೆಕ್ಕವಿತ್ತು. ನನ್ನ ವಯಸ್ಸಿನವರಿಗೆಲ್ಲ ಅದು ಬಾಯಿಪಾಠ. ಆ ಲೆಕ್ಕ ಈ ಪುಸ್ತಕಗಳಲ್ಲಿ ತಪ್ಪದೆ ಭರ್ತಿಯಾಗಿರುತ್ತದೆ. ಪುಟ ತಿರುವುತ್ತಾ ಹೋದರೆ ಮಾತ್ರ ಪವಾಡವೊಂದು ಕಾಣುತ್ತದೆ. ಅಷ್ಟೂ ಬಸುರಿಯರ ರಕ್ತದೊತ್ತಡ 120/80. ನಾಡಿ 80, ಇಲ್ಲವೇ 82. ಹಿಮೋಗ್ಲೋಬಿನ್ ಎಲ್ಲರಿಗೂ 11ರ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಅವರೆಲ್ಲ ನಮ್ಮ ವಾರ್ಡಿಗೆ ಬರುತ್ತಾರೆ, ನಿಮ್ಮ ಮಕ್ಕಳ ಪುಸ್ತಕಕ್ಕೆ ಮಾತ್ರ ಬರುವುದಿಲ್ಲ.

ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಒಂದೇ ಹೆರಿಗೆ ಕೋಣೆಗೆ ಮೂರ್ನಾಲ್ಕು ಕಾಲೇಜುಗಳು ಮಕ್ಕಳನ್ನು ಕಳಿಸುತ್ತವೆ. ಜೊತೆಗೆ ವೈದ್ಯ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು. ಟೇಬಲ್ಲಿನ ಮೇಲೆ ಒಬ್ಬಳು ತಾಯಿ, ಅವಳ ಸುತ್ತ ಹತ್ತು ಜನ, ಹನ್ನೊಂದನೆಯವಳು ಹಿಂದಿನಿಂದ ಹಿಮ್ಮಡಿ ಎತ್ತಿ ಇಣುಕುತ್ತಿರುತ್ತಾಳೆ. ಹಾಗೆ ಇಣುಕಿದ್ದು ಪುಸ್ತಕದಲ್ಲಿ 'ಸ್ವತಃ ಮಾಡಿಸಿದ ಹೆರಿಗೆ' ಆಗುತ್ತದೆ. ಏಕೆಂದರೆ ಪುಸ್ತಕಕ್ಕೆ ಬೇಕಾಗಿರುವುದು ಸಂಖ್ಯೆ. 'ನೋಡಿದೆ, ಆದರೆ ಕೈ ಹಾಕಲು ಸಿಗಲಿಲ್ಲ' ಎಂದು ಬರೆಯುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಹಾಸ್ಟೆಲಿನಲ್ಲಿ ಸೀನಿಯರ್ ಅಕ್ಕನ ಬುಕ್ಕು ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಅಕ್ಕನ ರೋಗಿಗಳು ತಂಗಿಯ ಪುಸ್ತಕದಲ್ಲಿ ಮತ್ತೊಮ್ಮೆ ಹೆರುತ್ತಾರೆ.

ಈ ಪುಸ್ತಕವನ್ನು ಇದ್ದ ಹಾಗೇ ಕಂಪ್ಯೂಟರಿಗೆ ಏರಿಸಿದರೆ ಆಗುವುದು ಇಷ್ಟೇ: ಇಂದು ರಾತ್ರಿಯಿಡೀ ಕೂತು ನಕಲು ಮಾಡುವ ಹುಡುಗಿ ನಾಳೆ ಎರಡು ನಿಮಿಷದಲ್ಲಿ ಕಾಪಿ-ಪೇಸ್ಟ್ ಮಾಡುತ್ತಾಳೆ. ಅವಳ ನಿದ್ದೆಯಾದರೂ ಉಳಿಯುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳಬಹುದು.

ಹಾಗಾದರೆ ಪೋರ್ಟ್‌ಫೋಲಿಯೊದಲ್ಲಿ ಬೇರೆ ಏನಿರಬೇಕು? 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣ ತಜ್ಞರು ಹಾಕಿಕೊಟ್ಟ ಪಿರಮಿಡ್ಡನ್ನು ನರ್ಸಿಂಗ್ ಎಜುಕೇಶನ್ ಓದಿದ ನೀವೆಲ್ಲ ಬಲ್ಲಿರಿ. ತಳದಲ್ಲಿ ಗೊತ್ತಿರುವುದು, ಅದರ ಮೇಲೆ ಹೇಗೆಂದು ಗೊತ್ತಿರುವುದು, ಆಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ದಿನದ ಕೆಲಸದಲ್ಲಿ ನಿಜಕ್ಕೂ ಮಾಡುವುದು. ಲಿಖಿತ ಪರೀಕ್ಷೆ ಕೆಳಗಿನ ಎರಡು ಮೆಟ್ಟಿಲನ್ನು ಅಳೆಯುತ್ತದೆ. ಸ್ಕಿಲ್ ಲ್ಯಾಬಿನ ಬೊಂಬೆಯ ಮುಂದೆ ನೀವು ನಡೆಸುವ ಪರೀಕ್ಷೆ ಮೂರನೆಯದನ್ನು ಮುಟ್ಟುತ್ತದೆ. ತುದಿಯ ಮೆಟ್ಟಿಲು ಇರುವುದು ನಮ್ಮ ವಾರ್ಡಿನಲ್ಲಿ, ಅದೂ ನೀವು ಅಲ್ಲಿಲ್ಲದ ಹೊತ್ತಿನಲ್ಲಿ. ಅಲ್ಲಿ ನಡೆದದ್ದನ್ನು ನಿಮ್ಮವರೆಗೆ ತಲುಪಿಸುವ ದಾರಿಯೊಂದು ಬೇಕು. ಪೋರ್ಟ್‌ಫೋಲಿಯೊ ಆ ದಾರಿಯಾದರೆ ಅದಕ್ಕೊಂದು ಅರ್ಥ.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಬಂದಿದ್ದ ಮೂರನೇ ವರ್ಷದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ ಅಭ್ಯಾಸ. ಅವಳ ಒಪ್ಪಿಗೆ ಪಡೆದು ಒಂದು ದಿನದ ಬರಹವನ್ನು ಇಲ್ಲಿ ಕೊಡುತ್ತಿದ್ದೇನೆ:

"ಚೊಚ್ಚಲು, ಎಂಟು ತಿಂಗಳು. ಬಿಪಿ 160/110 ಬಂತು. ನಾನೇ ತಪ್ಪು ನೋಡಿರಬೇಕು ಅಂತ ಕಫ್ ಬಿಚ್ಚಿ ಮತ್ತೆ ಕಟ್ಟಿ ನೋಡಿದೆ. ಅಷ್ಟೇ ಬಂತು. ಅವರು 'ನಿನ್ನೆಯಿಂದ ಕಣ್ಣು ಮಂಜಾಗಾಕತ್ತಾವ್ರೀ' ಅಂದರು. ನಿದ್ದೆಗೆಟ್ಟು ಹಾಗಾಗಿರಬೇಕು ಅಂದುಕೊಂಡೆ. ಸಿಸ್ಟರ್‌ಗೆ ಬಿಪಿ ಹೇಳಿದೆ, ಕಣ್ಣಿನ ಮಾತು ಹೇಳಲಿಲ್ಲ. ಸಿಸ್ಟರ್ ಬಂದು ಮೊದಲು ಕೇಳಿದ್ದೇ 'ತಲೆ ನೋಯುತ್ತಾ, ಕಣ್ಣು ಮಂಜಾಗುತ್ತಾ' ಅಂತ. ಪ್ರಿ-ಎಕ್ಲಾಂಪ್ಸಿಯಾ ಲಕ್ಷಣಗಳನ್ನು ಹೋದ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದಿದ್ದೆ. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಮ್ಯಾಗ್‌ಸಲ್ಫ್ ಶಿರೆಗೆ 4 ಗ್ರಾಂ, ಆಮೇಲೆ ಸೊಂಟದ ಎರಡೂ ಕಡೆ 5 ಗ್ರಾಂ. ನಾನು ನೋಡಿದೆ ಅಷ್ಟೆ, ಕೊಟ್ಟಿದ್ದು ಸಿಸ್ಟರ್. ನಾಲ್ಕು ಗಂಟೆ ಬಿಟ್ಟು ಮುಂದಿನ ಡೋಸಿಗೆ ಮೊದಲು ಉಸಿರು ಎಣಿಸಿ, ಯೂರಿನ್ ಬ್ಯಾಗ್ ನೋಡಿ, ಮೊಣಕಾಲು ಜರ್ಕ್ ನೋಡು ಅಂದರು. ಸುತ್ತಿಗೆ ಹೊಡೆದರೆ ಜರ್ಕ್ ಬರಲಿಲ್ಲ. ಕೈ ತಣ್ಣಗಾಯಿತು. 'ಅವರು ಕಾಲು ಬಿಗಿ ಹಿಡಿದಿದ್ದಾರೆ, ಮಾತಾಡಿಸುತ್ತಾ ಹೊಡಿ' ಅಂದರು. ಊರಲ್ಲಿ ಮಳೆ ಆಯ್ತಾ ಅಂತ ಕೇಳುತ್ತಾ ಹೊಡೆದೆ, ಬಂತು. ಇನ್ನು ಮೇಲೆ ರೋಗಿ ಏನಂದರೂ ಅವರ ಮಾತಿನಲ್ಲೇ ಸಿಸ್ಟರ್‌ಗೆ ಮುಟ್ಟಿಸಬೇಕು."

ಇದರಲ್ಲಿ ಏನೇನಿದೆ ನೋಡಿ. ಯಾವುದನ್ನು ತಾನು ಮಾಡಿದೆ, ಯಾವುದನ್ನು ಬರೀ ನೋಡಿದೆ ಎಂಬುದು ಪ್ರಾಮಾಣಿಕವಾಗಿದೆ. ಎಲ್ಲಿ ಎಡವಿದೆ ಎಂಬುದಿದೆ, ಮುಂದೆ ಏನು ಮಾಡಬೇಕೆಂಬುದಿದೆ. ರೋಗಿಯ ಹೆಸರಿಲ್ಲ, ಊರಿಲ್ಲ, ಹಾಸಿಗೆ ನಂಬರಿಲ್ಲ. ಓದಿದ ಬೋಧಕರಿಗೆ ಅವಳೊಡನೆ ಏನು ಮಾತಾಡಬೇಕೆಂದು ತಕ್ಷಣ ಗೊತ್ತಾಗುತ್ತದೆ. ಜರ್ಕ್ ಬಾರದೇ ಹೋದರೆ ಮುಂದಿನ ಡೋಸ್ ತಡೆಯಬೇಕು, ಕ್ಯಾಲ್ಸಿಯಂ ಗ್ಲೂಕೋನೇಟ್ ಕೈಗೆಟಕುವಲ್ಲಿ ಇರಬೇಕು ಎಂಬುದು ಅವಳ ಬರಹದಲ್ಲಿ ಇಲ್ಲ. ಗೊತ್ತಿಲ್ಲವೋ, ಬರೆಯಲು ಮರೆತಳೋ? ಮರುದಿನ ಕೇಳಬೇಕಾದ ಪ್ರಶ್ನೆ ಅದೇ. 120/80 ಎಂದು ಮೂವತ್ತು ಸಲ ಬರೆದ ಪುಸ್ತಕ ಇಂಥ ಒಂದು ಪ್ರಶ್ನೆಯನ್ನೂ ಹುಟ್ಟಿಸುವುದಿಲ್ಲ.

ಇನ್ನೊಂದನ್ನೂ ನೀವು ಗಮನಿಸಿರಬೇಕು. ಅವಳು ಬರೆದದ್ದು ಕನ್ನಡದಲ್ಲಿ. ರೆಕಾರ್ಡ್ ಬುಕ್ಕಿನ ಇಂಗ್ಲಿಷಿನಲ್ಲಿ ಇದೇ ಹುಡುಗಿ ಬರೆದಿದ್ದರೆ ಅದು ಪಠ್ಯಪುಸ್ತಕದ ನಾಲ್ಕು ಸಾಲಾಗುತ್ತಿತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಯಾದಗಿರಿಯಿಂದಲೋ ಹಾವೇರಿಯಿಂದಲೋ ಬಂದ ಮಕ್ಕಳಿಗೆ ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಬರಿ ಎಂದರೆ ಅವರು ಬರೆಯುವುದು ಅನುಭವವನ್ನಲ್ಲ, ಪಾಸಾಗುವ ವಾಕ್ಯಗಳನ್ನು. ಕೇಸ್ ಶೀಟು, ಔಷಧಿ ಚಾರ್ಟು ಇಂಗ್ಲಿಷಿನಲ್ಲೇ ಇರಲಿ, ಅದು ಸುರಕ್ಷತೆಯ ವಿಷಯ. ತನ್ನ ಕಲಿಕೆಯ ಬಗ್ಗೆ ತಾನು ಬರೆದುಕೊಳ್ಳುವ ಭಾಗವನ್ನಾದರೂ ಕನ್ನಡದಲ್ಲಿ ಬರೆಯಲು ಬಿಡಿ. ಕೇರಳದಿಂದಲೋ ಈಶಾನ್ಯದಿಂದಲೋ ಬಂದ ಮಕ್ಕಳು ಅವರವರ ಭಾಷೆಯಲ್ಲಿ ಬರೆದರೆ ಯಾರು ಓದುವುದು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ, ಅವರು ಇಂಗ್ಲಿಷಿನಲ್ಲೇ ಬರೆಯಲಿ. ಆದರೆ ಅವರ ಪೋರ್ಟ್‌ಫೋಲಿಯೊದಲ್ಲಿ ಇನ್ನೊಂದು ಪುಟವಿರಲಿ: ಸುಸ್ತು, ಜುಮ್ಮು, ಹೊಟ್ಟೆ ತೊಳಸು, ಕಣ್ಣು ಕತ್ತಲೆ, ಎದೆ ಹಿಂಡು, ನೀರು ಹೋಯ್ತು. ವಾರ್ಡಿನಲ್ಲಿ ಕೇಳಿದ ಮಾತು, ಅದು ಏನನ್ನು ಸೂಚಿಸಬಹುದು ಎಂಬ ಟಿಪ್ಪಣಿ. ಅಂಥ ಪಟ್ಟಿ ಮಾಡಿಕೊಂಡ ಹುಡುಗಿಯನ್ನು ನಾನು ರಾತ್ರಿ ಪಾಳಿಗೆ ಧೈರ್ಯವಾಗಿ ಇಟ್ಟುಕೊಳ್ಳುತ್ತೇನೆ.

ಲಾಗ್‌ಬುಕ್ಕು, ಆತ್ಮಾವಲೋಕನ ಎಲ್ಲ ನಮ್ಮಲ್ಲಿ ಹೊಸತೇನಲ್ಲ. ವೈದ್ಯ ವಿದ್ಯಾರ್ಥಿಗಳಿಗೆ 2019ರಲ್ಲಿ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಲಾಗ್‌ಬುಕ್ ಇದೆ, ಏನಾಯಿತು, ಅದರಿಂದೇನು, ಮುಂದೇನು ಎಂದು ಬರೆಯುವ ರೂಢಿಯಿದೆ. ನಿಮ್ಮ ಬಿ.ಎಸ್ಸಿ ನರ್ಸಿಂಗಿಗೆ 2021ರಲ್ಲಿ ಪ್ರಕಟವಾದ ಹೊಸ ನಿಯಮಾವಳಿ ಸೆಮಿಸ್ಟರ್, ಕ್ರೆಡಿಟ್, ಕ್ಲಿನಿಕಲ್ ಲಾಗ್‌ಬುಕ್ ಎಲ್ಲವನ್ನೂ ತಂದಿದೆ. ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ. ಕೊರತೆ ಇರುವುದು ಬರೆದದ್ದನ್ನು ಓದುವವರದು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ಎರಿಕ್ ಡ್ರೀಸೆನ್ ಎಂಬ ಶಿಕ್ಷಣತಜ್ಞರು ವರ್ಷಗಟ್ಟಲೆ ಪೋರ್ಟ್‌ಫೋಲಿಯೊಗಳನ್ನೇ ಅಭ್ಯಾಸ ಮಾಡಿದವರು. ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತೆಂದರೆ, ಜೊತೆಗೆ ಕೂತು ಓದಿ ಮಾತಾಡುವ ಮಾರ್ಗದರ್ಶಕರಿಲ್ಲದೆ ಪೋರ್ಟ್‌ಫೋಲಿಯೊ ನಡೆಯುವುದಿಲ್ಲ ಎಂಬುದು. 2017ರಲ್ಲಿ ಅವರೇ ಪೋರ್ಟ್‌ಫೋಲಿಯೊಗಳಿಗೆ ಭವಿಷ್ಯವಿದೆಯೇ ಎಂದು ಕೇಳುವಂತಾಯಿತು. ಎಷ್ಟೋ ಕಡೆ ಅದು ಕಾಲಂ ತುಂಬುವ ಕಚೇರಿ ಕೆಲಸವಾಗಿಬಿಟ್ಟಿತ್ತು.

ಮಾರ್ಕಿನ ವಿಷಯಕ್ಕೂ ಇಲ್ಲೇ ಬಂದುಬಿಡುತ್ತೇನೆ. ಏನೂ ಲೆಕ್ಕಕ್ಕಿಲ್ಲ ಎಂದರೆ ಮಕ್ಕಳು ಬರೆಯುವುದಿಲ್ಲ, ಪ್ರತಿ ಬರಹಕ್ಕೂ ಅಂಕವೆಂದರೆ ಬರೆದದ್ದು ಸುಳ್ಳಾಗುತ್ತದೆ. ಬರೆದಿದ್ದಾರೋ ಇಲ್ಲವೋ ಎಂಬುದನ್ನಷ್ಟೇ ನೋಡಿ ಪಾಸು ಮಾಡಿ. 'ಗುರುತು ಸಿಗಲಿಲ್ಲ' ಎಂದು ಒಪ್ಪಿಕೊಂಡದ್ದಕ್ಕೆ ಒಂದು ಅಂಕ ಕಡಿದಿರೋ, ಆಮೇಲೆ ಆ ಬ್ಯಾಚಿನಲ್ಲಿ ಯಾರಿಗೂ ಯಾವತ್ತೂ ಗುರುತು ಸಿಗದೇ ಇರುವುದಿಲ್ಲ.

ಒಪ್ಪಿಕೊಂಡದ್ದು ಮುಂದೆ ಕೊರಳಿಗೆ ಬಂದರೆ ಎಂಬ ಭಯವೂ ಇದೆ, ಅದು ಸುಳ್ಳು ಭಯವಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2011ರಲ್ಲಿ ಆರು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಆ ಸಾವಿನ ಪ್ರಕರಣದಲ್ಲಿ, ತರಬೇತಿಯಲ್ಲಿದ್ದ ವೈದ್ಯೆ ಹದೀಜಾ ಬಾವಾ-ಗರ್ಬಾ ಅವರಿಗೆ 2015ರಲ್ಲಿ ಶಿಕ್ಷೆಯಾಯಿತು. 2018ರಲ್ಲಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆಸಿದಾಗ, ಇ-ಪೋರ್ಟ್‌ಫೋಲಿಯೊದಲ್ಲಿ ಅವರು ಬರೆದುಕೊಂಡದ್ದನ್ನೇ ಅವರ ವಿರುದ್ಧ ಬಳಸಿದರು ಎಂಬ ಸುದ್ದಿ ಕಿರಿಯ ವೈದ್ಯರ ನಡುವೆ ಕಾಡ್ಗಿಚ್ಚಾಯಿತು. ಪೋರ್ಟ್‌ಫೋಲಿಯೊ ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬಂದಿರಲಿಲ್ಲ ಎಂದು ಅವರ ಪರ ನಿಂತ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಹೆಸರನ್ನು ಪಟ್ಟಿಗೆ ಮರಳಿಸುವಂತೆ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಮನಸ್ಸು ಬಿಚ್ಚಿ ಬರೆಯುವುದನ್ನೇ ಬಿಟ್ಟಿದ್ದರು. ನಮ್ಮಲ್ಲೂ ನ್ಯಾಯಾಲಯ ಯಾವ ದಾಖಲೆಯನ್ನು ಬೇಕಾದರೂ ತರಿಸಿಕೊಳ್ಳಬಹುದು. ಆದ್ದರಿಂದ ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡಿ: ಅವಘಡ ನಡೆದರೆ ಅದರ ವರದಿ ಆಸ್ಪತ್ರೆಯ ಫಾರಂನಲ್ಲಿ, ಮೇಲಿನವರ ಕೈಗೆ, ಅದೇ ದಿನ. ಪೋರ್ಟ್‌ಫೋಲಿಯೊ ಆ ಕೆಲಸಕ್ಕಲ್ಲ, ಅಲ್ಲಿ ತಾನು ಕಲಿತದ್ದಷ್ಟೇ ಇರಬೇಕು, ಯಾರ ಗುರುತೂ ಹತ್ತಬಾರದು.

ಗುರುತು ಎಂದರೆ ಹೆಸರೊಂದೇ ಅಲ್ಲ. ಚಿಕ್ಕ ಊರುಗಳಲ್ಲಿ 'ತ್ರಿವಳಿ ಹೆರಿಗೆ, ಇಂಥ ತಾಲ್ಲೂಕು' ಎಂದರೆ ಸಾಕು, ಮನೆ ಗೊತ್ತಾಗುತ್ತದೆ. ಫೋಟೊವಂತೂ ಬೇಡವೇ ಬೇಡ. ಗಾಯದ್ದೂ ಬೇಡ, ಮಗುವಿನದೂ ಬೇಡ, ಕೇಸ್ ಶೀಟಿನದೂ ಬೇಡ. 2024ರ ಫೆಬ್ರವರಿಯಲ್ಲಿ ಗದಗದಲ್ಲಿ ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ 38 ವೈದ್ಯ ವಿದ್ಯಾರ್ಥಿಗಳ ಮೇಲೆ ಕ್ರಮವಾದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೇ ನನ್ನ ವಾರ್ಡಿನಲ್ಲಿ ವಿದ್ಯಾರ್ಥಿಗಳ ಫೋನು ಬ್ಯಾಗಿನಿಂದ ಹೊರಗೆ ಬರುವಂತಿಲ್ಲ. ಇ-ಪೋರ್ಟ್‌ಫೋಲಿಯೊ ಬಂದರೂ ಈ ನಿಯಮ ಬದಲಾಗದು. ಏಪ್ರನ್ ಜೇಬಿನಲ್ಲಿ ಚಿಕ್ಕ ಪುಸ್ತಕ, ಅದರಲ್ಲಿ ನಾಲ್ಕು ಪದ, ಸಂಜೆ ಹಾಸ್ಟೆಲಿನಲ್ಲಿ ಕೂತು ಫೋನಿಗೆ. ತುಸು ಹೊತ್ತು ಕಳೆದ ಮೇಲೆ ಬರೆದದ್ದರಲ್ಲೇ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ತಂತ್ರಾಂಶದ ಬಗ್ಗೆ ನನಗೆ ಹೆಚ್ಚು ತಿಳಿಯದು, ತಿಳಿದಷ್ಟು ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಶುರುವಾದ ಮಹಾರಾ ಎಂಬ ಮುಕ್ತ ತಂತ್ರಾಂಶ ಇದಕ್ಕೆಂದೇ ಇದೆ. ಅದೂ ಕಷ್ಟವಾದರೆ ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರ್ ಸಾಕು. ಬ್ರಿಟನ್ನಿನವರು ಪೆಬಲ್‌ಪ್ಯಾಡ್ ಬಳಸುತ್ತಾರೆಂದು ನಾವೂ ಅದನ್ನೇ ಕೊಳ್ಳಬೇಕಿಲ್ಲ. ಕಂಪನಿಯವರು ಬಂದು ಬಣ್ಣದ ಡ್ಯಾಶ್‌ಬೋರ್ಡ್ ತೋರಿಸಿ, ನ್ಯಾಕ್ ತಂಡ ಬಂದಾಗ ಪರದೆಯ ಮೇಲೆ ಹಾಕಬಹುದು ಮೇಡಂ ಎಂದೊಡನೆ, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಸಹಿ ಹಾಕುವ ಆಡಳಿತ ಮಂಡಳಿಗಳಿವೆ. ಕೊಳ್ಳುವ ಮುಂಚೆ ನೀವು ಒಂದೇ ಪ್ರಶ್ನೆ ಕೇಳಿ: ಕಾಲೇಜು ಬಿಟ್ಟ ಮೇಲೆ ಇದು ಯಾರ ಕೈಯಲ್ಲಿರುತ್ತದೆ?

ಈ ಪ್ರಶ್ನೆಗೆ ಕಾರಣವಿದೆ. ಫೀಸ್ ಬಾಕಿ, ಬಾಂಡು ಎಂದು ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳುವ ಕಾಲೇಜುಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ನಮ್ಮ ವಾರ್ಡಿಗೆ ಕೆಲಸಕ್ಕೆ ಸೇರಬೇಕಿದ್ದ ಹುಡುಗಿಯೊಬ್ಬಳು ಬರೀ ಜೆರಾಕ್ಸ್ ಹಿಡಿದು ತಿಂಗಳುಗಟ್ಟಲೆ ಅಲೆದದ್ದು ನನ್ನ ಕಣ್ಣ ಮುಂದಿದೆ. ನಾಲ್ಕು ವರ್ಷದ ಪೋರ್ಟ್‌ಫೋಲಿಯೊ ಕಾಲೇಜಿನ ಸರ್ವರ್‌ನಲ್ಲೇ ಕೂತರೆ ಬೀಗ ಹಾಕಲು ಇನ್ನೊಂದು ವಸ್ತು ಸಿಕ್ಕಂತಾಯಿತು. ಖಾತೆ ವಿದ್ಯಾರ್ಥಿಯ ಸ್ವಂತ ಇಮೇಲಿನಲ್ಲಿರಲಿ. ಪ್ರತಿ ಸೆಮಿಸ್ಟರ್ ಕೊನೆಗೆ ಪಿಡಿಎಫ್ ಆಗಿ ಅವಳ ಕೈಗೆ ಬರಲಿ. ಬೋಧಕರಿಗೆ ಓದಲು, ಟಿಪ್ಪಣಿ ಬರೆಯಲು ಅವಕಾಶವಿದ್ದರೆ ಸಾಕು.

ಮುಂದೆ ಅವಳಿಗೆ ಇದು ಎಲ್ಲೆಲ್ಲಿ ಬೇಕಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಲ್ಲಿ ದೇಶಕ್ಕೆ ಹೊರಟವರು ಡೇಟಾಫ್ಲೋ ಪರಿಶೀಲನೆಗೆ ಕಾಲೇಜಿನ, ಆಸ್ಪತ್ರೆಯ ಕಾಗದಗಳನ್ನು ಒದಗಿಸಬೇಕು. ಅಮೆರಿಕಕ್ಕೆ ಹೊರಟವರಿಗೆ ಯಾವ ವಿಷಯದಲ್ಲಿ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್ ಎಂಬ ವಿವರ ಬೇಕು, ಅದೂ ಓದು ಮುಗಿದು ಹತ್ತು ವರ್ಷವಾದ ಮೇಲೆ. ಬ್ರಿಟನ್ನಿಗೆ ಹೋದವರಿಗೆ 2016ರ ಏಪ್ರಿಲ್‌ನಿಂದ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಣದ ಪ್ರಕ್ರಿಯೆಯಿದೆ: 450 ಗಂಟೆ ಕೆಲಸ, 35 ಗಂಟೆ ಮುಂದುವರಿದ ಕಲಿಕೆ, ಇತರರಿಂದ ಬಂದ ಐದು ಅಭಿಪ್ರಾಯ, ತಾನೇ ಬರೆದ ಐದು ಆತ್ಮಾವಲೋಕನ, ಅದರ ಮೇಲೆ ಇನ್ನೊಬ್ಬ ನರ್ಸ್ ಜೊತೆ ಚರ್ಚೆ. ಅಲ್ಲಿರುವ ನಮ್ಮ ಹುಡುಗಿಯರಿಗೆ ಗಂಟೆಗಳ ಲೆಕ್ಕ ತೊಡಕಲ್ಲ, ಆ ಐದು ಬರಹಗಳೇ ತೊಡಕು. ಇಲ್ಲಿ ಯಾರೂ ಅವರಿಂದ ಅಂಥದ್ದೊಂದನ್ನು ಬರೆಸಿರಲಿಲ್ಲ. ಹಾಗೆಂದು ವಿಮಾನ ಹತ್ತುವವರಿಗಾಗಿ ಮಾತ್ರ ಇದನ್ನು ಮಾಡಬೇಡಿ. ಜಿಎನ್‌ಎಂ ಮುಗಿಸಿ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರುವವಳಿಗೂ ಸಂದರ್ಶನದಲ್ಲಿ 'ನೀನು ಸ್ವತಃ ಏನೇನು ಮಾಡಿದ್ದೀಯಮ್ಮಾ' ಎಂದು ಕೇಳಿದಾಗ ತೋರಿಸಲು ಏನಾದರೂ ಇರಬೇಕು.

ಇನ್ನು ನಮ್ಮ ಪಾಲಿನ ಕೆಲಸ. ನಲವತ್ತು ಮಕ್ಕಳ ಎಲ್ಲ ಬರಹಗಳನ್ನೂ ಲಾಗಿನ್ ಮಾಡಿ ದೃಢೀಕರಿಸಿ ಎಂದು ವಾರ್ಡ್ ಸಿಸ್ಟರ್‌ಗಳಿಗೆ ಹೇಳಿದರೆ, ಮೊದಲ ವಾರದಲ್ಲೇ ನಮ್ಮ ಪಾಸ್‌ವರ್ಡು ಮಕ್ಕಳ ಕೈ ಸೇರುತ್ತದೆ, ಇದನ್ನು ಬರೆದುಕೊಡುತ್ತೇನೆ. ಮೂವತ್ತು ಹಾಸಿಗೆಗೆ ಇಬ್ಬರು ನರ್ಸ್ ಇರುವ ವಾರ್ಡಿನಲ್ಲಿ ಅದಕ್ಕೆ ಹೊತ್ತಿಲ್ಲ. ಒಂದು ಪೋಸ್ಟಿಂಗಿಗೆ ಒಬ್ಬ ವಿದ್ಯಾರ್ಥಿಯ ಒಂದು ಬರಹ, ಅದಕ್ಕೆ ನಮ್ಮದು ಒಂದೇ ವಾಕ್ಯ. 'ಜರ್ಕ್ ನೋಡಲು ಕಲಿತಿದ್ದಾಳೆ, ಇನ್ನೆರಡು ಸಲ ಜೊತೆಗೆ ನಿಂತು ಮಾಡಿಸಿ.' ಅಷ್ಟನ್ನು ನಾವು ಮಾಡುತ್ತೇವೆ. ವಾರಕ್ಕೊಮ್ಮೆ ಒಬ್ಬೊಬ್ಬ ವಿದ್ಯಾರ್ಥಿಯದೂ ಒಂದಾದರೂ ಬರಹವನ್ನು ನೀವು ಓದಿ, ಎರಡು ಮಾತಾಡಿ. ಟ್ಯೂಟರ್‌ಗಳ ಸಂಖ್ಯೆಯೂ ಕಡಿಮೆ, ಸಂಬಳವೂ ಕಡಿಮೆ ಎಂಬುದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ. ಡ್ರಗ್ ಬುಕ್, ಕೇರ್ ಪ್ಲಾನ್, ಹೆಲ್ತ್ ಟಾಕ್ ಫೈಲುಗಳಲ್ಲಿ ಅರ್ಧದಷ್ಟನ್ನು ಕೈಬಿಟ್ಟರೆ ಇದಕ್ಕೆ ಹೊತ್ತು ಸಿಕ್ಕೀತು. ಅವನ್ನು ಹಾಗೇ ಉಳಿಸಿಕೊಂಡು ಇದನ್ನೂ ಮೇಲೆ ಹೇರುವುದಾದರೆ, ದಯವಿಟ್ಟು ಶುರು ಮಾಡಲೇಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಈಗ ಪೋಸ್ಟಿಂಗ್ ಪತ್ರದ ಜೊತೆ ನೀವು ನಮಗೆ ಕಳಿಸುವುದು ಹೆಸರು, ರೋಲ್ ನಂಬರು, ದಿನಾಂಕ. ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ನಾವು ಮೊದಲಿನಿಂದ ತಡಕಾಡಬೇಕು. ತಿಳಿಯುವಷ್ಟರಲ್ಲಿ ಪೋಸ್ಟಿಂಗ್ ಮುಗಿದಿರುತ್ತದೆ. ಪೋರ್ಟ್‌ಫೋಲಿಯೊ ನಡೆಸುವ ಕಾಲೇಜಿಗೆ ಇದು ಮೊದಲೇ ಗೊತ್ತಿರಬೇಕಲ್ಲವೇ? ಮುಂದಿನ ಬ್ಯಾಚು ಬರುವಾಗ ಒಂದು ಹಾಳೆ ಹೆಚ್ಚಿಗೆ ಕಳಿಸಿ: ಈಕೆ ಹೆರಿಗೆ ನೋಡಿದ್ದಾಳೆ, ಕೈ ಹಾಕಿಲ್ಲ, ಈತ ಕ್ಯಾನುಲಾ ಹಾಕಬಲ್ಲ, ಮಗುವಿಗೆ ಹಾಕಿಲ್ಲ, ಈಕೆಗೆ ಬಾಣಂತಿಯರ ಜೊತೆ ಮಾತಾಡಲು ಸಂಕೋಚ. ಅದನ್ನು ನೋಡಿ ಯಾರನ್ನು ಯಾವ ಹಾಸಿಗೆಗೆ, ಯಾವ ಪಾಳಿಗೆ ಹಾಕಬೇಕೆಂದು ನಾನು ಪಟ್ಟಿ ಮಾಡುತ್ತೇನೆ. ಕೈ ಹಾಕದವಳಿಗೆ ರಾತ್ರಿ ಪಾಳಿ ಕೊಡುತ್ತೇನೆ. ಆಗ ಟೇಬಲ್ಲಿನ ಸುತ್ತ ಹತ್ತು ಜನ ಇರುವುದಿಲ್ಲ.

ಇತಿ,
ಹೆರಿಗೆ ವಾರ್ಡಿನ ಒಬ್ಬ ಶುಶ್ರೂಷಾಧಿಕಾರಿ